ದ್ವೀಪದ ಮೇಲೆ ಒಂಟಿ ನಡಿಗೆ

ಶಾಲಾ ಪ್ರವಾಸದ ಬಸ್ಸುಗಳು ಶ್ರೀರಂಗಪಟ್ಟಣಕ್ಕೆ ಕೊಡುವುದು ಹೆಚ್ಚೆಂದರೆ ಎರಡು ಗಂಟೆ. ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್, ಸಂಗಮದ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನದ ಪೊಟ್ಟಣ ಬಿಚ್ಚುವುದು, ಅಲ್ಲಿಗೆ ಮುಗಿಯಿತು. ಸಂಜೆಗೆ ಬೃಂದಾವನದ ಕಾರಂಜಿ ನೋಡಬೇಕಲ್ಲ! ಮರುದಿನ ಪ್ರಬಂಧ ಬರೆಯಲು ಕೂತ ಮಗುವಿಗೆ ನೆನಪಿರುವುದು ಕಿಟಕಿ ಪಕ್ಕದ ಸೀಟಿಗಾಗಿ ನಡೆದ ಜಗಳ ಮಾತ್ರ. ಅದರಲ್ಲಿ ಮಗುವಿನ ತಪ್ಪೇನಿಲ್ಲ. ಬಸ್ಸಿನಲ್ಲಿ ಕೂತವರಿಗೆ ಊರು ಕಾಣುವುದಿಲ್ಲ, ನಿಲ್ದಾಣಗಳಷ್ಟೇ ಕಾಣುತ್ತವೆ.

ಯುರೋಪಿನಲ್ಲಿ ಬೇರೊಂದು ರೂಢಿಯುಂಟು. ಹೆಗಲಿಗೊಂದು ಚೀಲ, ಕೈಯಲ್ಲೊಂದು ನಕ್ಷೆ, ಚೀಲದಲ್ಲಿ ರೊಟ್ಟಿ, ನೀರು. ಜೊತೆಗೆ ಯಾರೂ ಇಲ್ಲ. ಬೆಳಿಗ್ಗೆ ಒಂದು ಹಳೆಯ ಪಟ್ಟಣಕ್ಕೆ ಬಂದಿಳಿದ ಪಯಣಿಗ ಸಂಜೆಯವರೆಗೆ ಗಲ್ಲಿ ಗಲ್ಲಿ ಸುತ್ತಿ, ಸೇತುವೆ ದಾಟಿ, ಕಾಲು ಸೋತಲ್ಲಿ ಕೂತು, ರಾತ್ರಿಯ ರೈಲು ಹಿಡಿಯುತ್ತಾನೆ. ಅಲ್ಲಿನ ಹಳೆಯ ಪಟ್ಟಣಗಳು ಇದಕ್ಕೆ ಒಗ್ಗುತ್ತವೆ. ಮೋಟಾರು ಹುಟ್ಟುವ ಮೊದಲೇ ಕಟ್ಟಿದ ಊರುಗಳಾದ್ದರಿಂದ ಅವುಗಳ ಉದ್ದಗಲವೆಲ್ಲ ಮನುಷ್ಯನ ಕಾಲಿನ ಅಳತೆಗೇ ಇವೆ. ಅದನ್ನು ಕಾಣಲು ಯುರೋಪಿಗೇ ಹೋಗಬೇಕೆಂದಿಲ್ಲ. ಕಾವೇರಿಯ ಎರಡು ಕವಲುಗಳ ನಡುವೆ ಮಲಗಿರುವ ಶ್ರೀರಂಗಪಟ್ಟಣ ಉದ್ದದಲ್ಲಿ ಸುಮಾರು ಮೂರು ಮೈಲಿ, ಅಗಲದಲ್ಲಿ ಸುಮಾರು ಒಂದು ಮೈಲಿ. ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವದ ತುದಿಯಲ್ಲಿ ಸಂಗಮ, ನಡುವೆ ಗಂಜಾಂ. ಒಬ್ಬ ಮನುಷ್ಯನ ಒಂದು ದಿನಕ್ಕೆ ಹೇಳಿ ಮಾಡಿಸಿದ ಹಾಗಿದೆ.

ರೈಲಿನಿಂದ ಇಳಿದು ಹೊರಬಂದ ಕೂಡಲೇ ಆಟೋದವರ ಕರೆ ತಪ್ಪಿದ್ದಲ್ಲ.

"ಏನ್ ಸಾ, ಒಬ್ರೇ ಬಂದಿದ್ದೀರಾ? ಹತ್ತಿ. ದರಿಯಾ ದೌಲತ್ತು, ಗುಂಬಜ್ಜು, ಸಂಗಮ ಎಲ್ಲಾನೂ ಒಂದೇ ಗಂಟೇಲಿ ತೋರಿಸ್ಕಂಡ್ ಬತ್ತೀನಿ."

"ಬೇಡ ಕಣಪ್ಪ, ನಡ್ಕಂಡೇ ಹೋಯ್ತೀನಿ."

"ಬಿಸ್ಲು ಸಾ! ಸಂಗಮಕ್ಕೆ ನಡೆಯೋರು ಯಾರಿದ್ದಾರೆ ಈ ಕಾಲ್ದಲ್ಲಿ?"

ನಡೆಯುವವನಿಗೆ ಸಿಗುವ ಮೊದಲ ಲಾಭ ಅಳತೆ. ದೊಡ್ಡವರ ಒಂದು ಹೆಜ್ಜೆ ಸುಮಾರು 75 ಸೆಂಟಿಮೀಟರು. ಅಳತೆಪಟ್ಟಿ ಹಿಡಿದು 100 ಮೀಟರು ಗುರುತಿಸಿ, ಮಾಮೂಲಿನಂತೆ ನಡೆದು ಎಣಿಸಿದರೆ ತನ್ನ ಹೆಜ್ಜೆಯ ಅಳತೆ ಯಾರಿಗಾದರೂ ಸಿಕ್ಕೀತು. ಆ ಲೆಕ್ಕದಲ್ಲಿ ಈ ದ್ವೀಪದ ಉದ್ದ ಆರು ಸಾವಿರದ ನಾನೂರು ಹೆಜ್ಜೆಗಳ ಆಸುಪಾಸು. ಕೋಟೆ ಎಷ್ಟು ದೊಡ್ಡದು ಎಂಬ ಪ್ರಶ್ನೆಗೆ 'ತುಂಬಾ ದೊಡ್ಡದು' ಎಂದು ಬರೆಯುವ ವಿದ್ಯಾರ್ಥಿಗೂ, 'ಈ ಗೋಡೆ ನನ್ನ ಎಂಟುನೂರು ಹೆಜ್ಜೆ' ಎಂದು ಬರೆಯುವ ವಿದ್ಯಾರ್ಥಿಗೂ ಬಹಳ ಅಂತರವಿದೆ. ಅಂದಹಾಗೆ, ಒಂಟಿ ನಡಿಗೆ ಎಂದರೆ ಎಂಟನೇ ತರಗತಿಯ ಹುಡುಗನನ್ನು ಒಬ್ಬನೇ ರೈಲು ಹತ್ತಿಸಿ ಎಂದಲ್ಲ. ಅಪ್ಪನೋ ಅಮ್ಮನೋ ಹತ್ತು ಹೆಜ್ಜೆ ಹಿಂದೆ ಸುಮ್ಮನೆ ಬಂದರೆ ಸಾಕು. ಸುಮ್ಮನೆ ಬರುವುದೇ ಕಷ್ಟ, ಅದು ಬೇರೆ ಮಾತು.

ನಿಲ್ದಾಣದ ಬಳಿಯೇ ಒಂದು ವಿಚಿತ್ರವಿದೆ. ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಜೋಡಿ ರೈಲು ಹಳಿಗೆ ಅಡ್ಡವಾಗಿತ್ತು. ಒಡೆಯುವ ಬದಲು 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಜ್ಯಾಕುಗಳಿಂದ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಸುಮಾರು ಸಾವಿರ ಟನ್ನಿನ ಇಟ್ಟಿಗೆ ಗಾರೆಯ ಕಟ್ಟಡ ನಡೆದುಕೊಂಡು ಹೋದ ಊರು ಇದು! ಪ್ರವಾಸದ ಬಸ್ಸು ಇಲ್ಲಿ ನಿಲ್ಲುವುದಿಲ್ಲ.

ಅಲ್ಲಿಂದ ಸ್ವಲ್ಪ ದೂರಕ್ಕೆ ರಂಗನಾಥನ ಗುಡಿ. ಕ್ರಿ.ಶ. 894ರಲ್ಲಿ ಗಂಗರ ಸಾಮಂತ ತಿರುಮಲಯ್ಯ ಕಟ್ಟಿಸಿದ್ದೆಂದು ಹೇಳುತ್ತಾರೆ. ಆಮೇಲೆ ಬಂದವರೆಲ್ಲ ಒಂದೊಂದು ಭಾಗ ಸೇರಿಸಿದರು. ಇದು ಆದಿರಂಗ. ಶಿವನಸಮುದ್ರದಲ್ಲಿರುವುದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ. ಮೂರೂ ಕಾವೇರಿಯ ದ್ವೀಪಗಳೇ ಎಂಬುದನ್ನು ಭೂಪಟ ಬಿಡಿಸಿ ನೋಡಬೇಕು. ನದಿ ಎಲ್ಲಿ ಇಬ್ಭಾಗವಾಗುತ್ತದೆ? ಕೊರೆಯಲು ಬಗ್ಗದ ಬಂಡೆ ಅಡ್ಡ ಬಂದಲ್ಲಿ, ಅಥವಾ ಬಯಲಿನಲ್ಲಿ ತಾನೇ ಹೊತ್ತು ತಂದ ಮರಳು ಗುಡ್ಡೆಬಿದ್ದಲ್ಲಿ. ಶ್ರೀರಂಗಪಟ್ಟಣದ್ದು ಬಂಡೆಯ ಕಥೆ. ಇಲ್ಲಿನ ನದಿಪಾತ್ರದಲ್ಲಿ ಬೂದು ಬಿಳಿ ಪಟ್ಟೆಗಳ ನೈಸ್ ಶಿಲೆ ಎದ್ದು ನಿಂತಿದೆ. ದಕ್ಷಿಣ ಕರ್ನಾಟಕದ ತಳಪಾಯವಾದ ಈ ಶಿಲೆಗಳ ವಯಸ್ಸು ಸುಮಾರು 300 ಕೋಟಿ ವರ್ಷ. ಬಟ್ಟೆ ಒಗೆಯುವ ಕಲ್ಲೂ ಅದೇ.

ಗುಡಿಯಿಂದ ಪಶ್ಚಿಮಕ್ಕೆ ನಡೆದರೆ ಕೋಟೆಗೋಡೆ, ಅದರಾಚೆ ಹೊಳೆ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಪಡೆ ಗೋಡೆಯಲ್ಲಿ ಬಿರುಕು ಮಾಡಿ ನುಗ್ಗಿದ್ದು ಈ ಕಡೆಯಿಂದ. 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ ಸ್ತಂಭವೂ ಇಲ್ಲಿದೆ. ಕಂದಕ, ಗೋಡೆ ಎಲ್ಲವನ್ನೂ ಪಠ್ಯಪುಸ್ತಕ ಹೇಳುತ್ತದೆ. ತಿಂಗಳನ್ನು ಮಾತ್ರ ಇಸವಿಯ ಬಾಲದಂತೆ ಹೇಳಿ ಬಿಡುತ್ತದೆ. ಹೊಳೆಯ ದಂಡೆಯಲ್ಲಿ ನಿಂತವನಿಗೆ ತಿಂಗಳೇ ಮುಖ್ಯ ಎಂಬುದು ಹೊಳೆಯುತ್ತದೆ. ಮೇ ತಿಂಗಳಲ್ಲಿ ಕಾವೇರಿ ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ಮಡು, ಅಲ್ಲಲ್ಲಿ ಮೊಣಕಾಲು ನೀರು. ಜೂನಿನಲ್ಲಿ ಕೊಡಗಿಗೆ ಮುಂಗಾರು ಬಿದ್ದರೆ ಅದೇ ಹೊಳೆ ದಾಟಲಾಗದ ಕಂದಕ. 1791ರಲ್ಲಿ ಕಾರ್ನ್‌ವಾಲಿಸ್ ಇಲ್ಲಿಯವರೆಗೂ ಬಂದು ಒಂದು ಕಾಳಗ ಗೆದ್ದಿದ್ದ. ಆದರೆ ಆಗಲೇ ಮೇ ನಡುಭಾಗ. ಮಳೆ, ಹಸಿವು, ಎತ್ತುಗಳ ಸಾವು ಎಲ್ಲ ಸೇರಿ, ದೊಡ್ಡ ತೋಪುಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಎಂಟು ವರ್ಷದ ನಂತರ ಬಂದ ಹ್ಯಾರಿಸನಿಗೆ ಆ ಪಾಠ ನೆನಪಿತ್ತು. ಅವನ ಪಡೆಗೂ ಧಾನ್ಯ ಮುಗಿಯುತ್ತ ಬಂದಿತ್ತು. ಇನ್ನು ಕೆಲವು ವಾರ ಕೋಟೆ ತಡೆದುಕೊಂಡಿದ್ದರೆ ಆ ಸಲವೂ ಹೊಳೆಯೇ ಕಾವಲು ಕಾಯುತ್ತಿತ್ತೋ ಏನೋ.

ಅದೇ ಮುತ್ತಿಗೆಯ ಒಂದು ರಾತ್ರಿಯ ಪ್ರಸಂಗ ವಿದ್ಯಾರ್ಥಿಗಳು ಕೇಳಬೇಕಾದದ್ದು. ಜನರಲ್ ಬೇರ್ಡ್ ಕತ್ತಲಲ್ಲಿ ಒಂದು ತುಕಡಿಯನ್ನು ನಡೆಸುತ್ತಿದ್ದ. ಅವನ ಜೊತೆಗಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಆಕಾಶ ನೋಡಿ, ನಾವು ಶತ್ರುವಿನ ಕಡೆಗೇ ನಡೆಯುತ್ತಿದ್ದೇವೆ ಎಂದ. ನಕ್ಷತ್ರ ನೋಡಿ ದಂಡು ನಡೆಸುವ ಅಗತ್ಯ ತನಗಿಲ್ಲವೆಂದು ಜನರಲ್ ಮೊದಲು ಕಿವಿಗೊಡಲಿಲ್ಲ. ಕೊನೆಗೆ ದಿಕ್ಸೂಚಿಯನ್ನು ಬೆಳಕಿಗೆ ಹಿಡಿದರೆ ನಕ್ಷತ್ರಗಳೇ ಸರಿ! ಇದೇ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಿಂದ ಆರಂಭಿಸಿದ ಭೂಮಾಪನವೇ ಮುಂದೆ ಇಡೀ ಭಾರತವನ್ನು ತ್ರಿಕೋನಗಳಲ್ಲಿ ಅಳೆದು, ಹಿಮಾಲಯದ ಶಿಖರಗಳ ಎತ್ತರದವರೆಗೆ ಹೋಯಿತು.

ಉತ್ತರದ ಗೋಡೆಯಗುಂಟ ಬರುತ್ತ ಸೆರೆಮನೆ, ನೀರಿನ ಬಾಗಿಲು, ಟಿಪ್ಪುವಿನ ಶವ ಸಿಕ್ಕ ಜಾಗದ ಕಲ್ಲು. ಸೆರೆಮನೆಯ ಕಮಾನು ಚಾವಣಿಯನ್ನು ಒಡೆದುಕೊಂಡು ಒಳಗೆ ಬಿದ್ದ ಫಿರಂಗಿ ಇವತ್ತಿಗೂ ಅಲ್ಲೇ ಬಿದ್ದಿದೆ. ಬೆಂಗಳೂರು ಬಾಗಿಲ ಹತ್ತಿರ ಮಸೀದಿಯ ಜೋಡಿ ಮಿನಾರುಗಳು. ಕೋಟೆ ದಾಟಿ ಪೂರ್ವಕ್ಕೆ ಒಂದು ಮೈಲಿಯಷ್ಟು ನಡೆದರೆ ದರಿಯಾ ದೌಲತ್. 1784ರ ಈ ಮರದ ಅರಮನೆಯ ಪಶ್ಚಿಮ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಮದ್ದಿನ ಬಂಡಿ ಸಿಡಿಯುವ ದೃಶ್ಯವನ್ನು ಮಕ್ಕಳು ಹುಡುಕಿ ನೋಡಲಿ. ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರು ಕಟ್ಟಿ ಹಾರಿಸುತ್ತಿದ್ದ ಮೈಸೂರಿನ ರಾಕೆಟ್ಟುಗಳ ಕಥೆ ಎಲ್ಲರಿಗೂ ಗೊತ್ತು. ಅಮೆರಿಕದ ವಾಲಪ್ಸ್ ದ್ವೀಪದ ರಾಕೆಟ್ ಕೇಂದ್ರದಲ್ಲಿ ಅಬ್ದುಲ್ ಕಲಾಂ ಅವುಗಳ ಚಿತ್ರ ಕಂಡು ಬೆರಗಾದದ್ದೂ ಗೊತ್ತು. ಅದನ್ನಿಲ್ಲಿ ಮತ್ತೆ ಹೇಳುವುದು ಬೇಡ.

ನಡೆಯುವವನನ್ನು ಕಾಡುವ ಪ್ರಶ್ನೆ ಬೇರೆ. ದರಿಯಾ ದೌಲತ್‌ನಿಂದ ಮುಂದಕ್ಕೆ ರಸ್ತೆಯ ಎರಡೂ ಬದಿಗೆ ಗದ್ದೆ, ತೆಂಗು, ಕಬ್ಬು. ಒಂದು ರಾಜಧಾನಿಯ ನಟ್ಟನಡುವೆ ಇಷ್ಟೊಂದು ಗದ್ದೆಯೇ? ಊರು ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಉತ್ತರ ಹುಡುಕಲು ಇನ್ನೊಬ್ಬ ಪಯಣಿಗನ ಸಹಾಯ ಬೇಕು. ಫ್ರಾನ್ಸಿಸ್ ಬುಕಾನನ್ ಸ್ಕಾಟ್ಲೆಂಡಿನ ವೈದ್ಯ, ಸಸ್ಯಶಾಸ್ತ್ರದ ಹುಚ್ಚಿನವನು. ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇಲೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. ಅವನು ಒಂಟಿಯಲ್ಲ, ಆಳುಕಾಳು ಜೊತೆಗಿದ್ದರು. ಆದರೆ ನೋಡುವುದರಲ್ಲಿ ಅವನು ಒಂಟಿಯೇ. ಬೇರೆಯವರು ಯುದ್ಧದ ಗುಂಡು ಎಣಿಸುತ್ತಿದ್ದಾಗ ಅವನು ರಾಗಿಯ ಇಳುವರಿ, ಎತ್ತಿನ ಬೆಲೆ, ಕಬ್ಬಿಣ ಕರಗಿಸುವ ಕುಲುಮೆ, ಮಣ್ಣಿನ ಬಣ್ಣ ಬರೆದುಕೊಳ್ಳುತ್ತಿದ್ದ. ತೊಣ್ಣೂರು, ಮೇಲುಕೋಟೆ, ನಾಗಮಂಗಲಗಳನ್ನೂ ಹೀಗೇ ನೋಡಿದ. 1807ರಲ್ಲಿ ಅವನ ಪುಸ್ತಕ ಮೂರು ಸಂಪುಟಗಳಲ್ಲಿ ಬಂತು. ಶ್ರೀರಂಗಪಟ್ಟಣದ ಕೋಟೆ ಅವನಿಗೆ ಕಿಂಚಿತ್ತೂ ಹಿಡಿಸಲಿಲ್ಲ.

ದಿವಾನ್ ಪೂರ್ಣಯ್ಯನವರ ಕಡೆಯಿಂದ ಅವನಿಗೆ ಲೆಕ್ಕ ಸಿಕ್ಕಿತು. ಕೋಟೆಯೊಳಗೆ 4,163 ಮನೆ, 5,499 ಸಂಸಾರ. ಗಂಜಾಮಿನಲ್ಲಿ 2,216 ಮನೆ, 3,335 ಸಂಸಾರ. ಮನೆಗೆ ಐದು ಜನರಂತೆ ಗುಣಿಸಿ ದ್ವೀಪದ ಜನಸಂಖ್ಯೆ 31,895 ಎಂದು ಬರೆದ. ದಂಡಿನವರು ಇದರಲ್ಲಿ ಸೇರಿಲ್ಲ. ಪೆನ್ಸಿಲು ಹಿಡಿದ ವಿದ್ಯಾರ್ಥಿ ಇಲ್ಲೊಂದು ತಕರಾರು ತೆಗೆಯಬಹುದು. ಮನೆಗೆ ಐದರ ಬದಲು ಸಂಸಾರಕ್ಕೆ ಐದರಂತೆ ಗುಣಿಸಿದರೆ? ಒಟ್ಟು 8,834 ಸಂಸಾರ, ಉತ್ತರ 44,170. ಎಣಿಕೆ ಅದೇ, ಗುಣಿಸಿದ ಅಂಕಿಯೂ ಅದೇ ಐದು, ಆದರೆ ಹನ್ನೆರಡು ಸಾವಿರ ಜನ ಹೆಚ್ಚಾದರು! ಪತ್ರಿಕೆಯಲ್ಲಿ ಯಾವ ಅಂದಾಜು ಕಂಡರೂ ಯಾವುದನ್ನು ಯಾವುದರಿಂದ ಗುಣಿಸಿದ್ದಾರೆಂದು ಕೇಳುವ ಅಭ್ಯಾಸ ಒಳ್ಳೆಯದು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕೆಂದೂ ಬುಕಾನನ್ ಹೇಳಿದ್ದಾನೆ. ಅದು ಅಂದಾಜಿನ ಮೇಲೆ ಅಂದಾಜು. ಅದರಲ್ಲಿ ಅರ್ಧ ಬಿಟ್ಟರೂ ದೊಡ್ಡ ಪಟ್ಟಣವೇ. 1901ರ ಜನಗಣತಿಗೆ ಬರುವಾಗ ಉಳಿದವರು 8,584 ಮಂದಿ.

ಮೊದಲ ಇಳಿತಕ್ಕೆ ಕಾರಣ ಸುಲಭ. ರಾಜಧಾನಿ ಮೈಸೂರಿಗೆ ಹೋಯಿತು. ಸಾವಿರಾರು ಸೈನಿಕರಿಗೆ ಕೆಲಸ ಹೋಯಿತು. ಅರಮನೆಯನ್ನೇ ಕೆಡವಿದರು, ಲಾಲ್ ಮಹಲಿನ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿ ಸೇರಿದವು. ಆದರೆ ಗೆದ್ದವರೂ ಇಲ್ಲಿ ಉಳಿಯಲಿಲ್ಲವಲ್ಲ, ಅದೇಕೆ? ಕೋಟೆ ಅವರದೇ, ಬಂಗಲೆಗಳು ಅವರವೇ, ನೀರು ನೆರಳು ಎಲ್ಲ ಇತ್ತು.

ಹೆದ್ದಾರಿಯ ಪಕ್ಕ, ಹೊಳೆಯ ದಂಡೆಗೆ ಹತ್ತಿರವಿರುವ ದಂಡಿನ ಸ್ಮಶಾನದಲ್ಲಿ ಆ ಪ್ರಶ್ನೆಗೆ ಅರ್ಧ ಉತ್ತರವಿದೆ. ಸುಮಾರು ಮುನ್ನೂರು ಸಮಾಧಿಗಳು. ಇಂಗ್ಲಿಷರ ಹೆಸರುಗಳ ನಡುವೆ ಸ್ವಿಸ್ ಹೆಸರುಗಳೂ ಉಂಟು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಪಟ್ಟಣದ ಡಿ ಮ್ಯೂರಾನ್ ಎಂಬ ಶ್ರೀಮಂತ 1781ರಲ್ಲಿ ಡಚ್ಚರಿಗಾಗಿ ಒಂದು ಬಾಡಿಗೆ ಪಡೆ ಕಟ್ಟಿದ. ಅದು ಸಿಂಹಳಕ್ಕೆ ಹೋಗಿ, 1795ರಲ್ಲಿ ಇಂಗ್ಲಿಷರ ಸಂಬಳಕ್ಕೆ ಸೇರಿ, 1799ರಲ್ಲಿ ಇಲ್ಲಿಗೆ ಬಂತು. ಜೂರಾ ಪರ್ವತದ ಮಗ್ಗುಲಲ್ಲಿ, ಸರೋವರದ ದಂಡೆಯಲ್ಲಿ ಹುಟ್ಟಿದ ಹುಡುಗರು ಕಾವೇರಿಯ ದಂಡೆಯಲ್ಲಿ ಮಣ್ಣಾದರು. ಈ ಸ್ಮಶಾನ ಪಾಳುಬಿದ್ದಿದ್ದಾಗ ಅದೇ ಮನೆತನದ ಈಗಿನವರು ಮುಂದೆ ಬಂದು 2008ರ ಸುಮಾರಿಗೆ ದುರಸ್ತಿ ಮಾಡಿಸಿದ್ದಾರೆ. ಇಲ್ಲಿ ಓದಬೇಕಾದದ್ದು ಇಸವಿಗಳನ್ನು. ಕಾಳಗ ಮುಗಿದದ್ದು 1799ರಲ್ಲಿ. ಕಲ್ಲುಗಳ ಮೇಲೆ ಮುಂದಿನ ಆರು ದಶಕಗಳ ಇಸವಿಗಳಿವೆ. ಹೆಂಗಸರು, ಮಕ್ಕಳ ಹೆಸರುಗಳಿವೆ. ಯುದ್ಧವಿಲ್ಲದ ಊರಿನಲ್ಲಿ ಇವರನ್ನು ಕೊಂದವರು ಯಾರು?

ಜ್ವರ. ಚಳಿ ಹತ್ತಿ ಹಲ್ಲು ಕಟಕಟಿಸಿ, ಆಮೇಲೆ ಮೈ ಕಾದು, ಬೆವರಿ ಬಿಟ್ಟು, ಒಂದು ದಿನ ಸುಮ್ಮನಿದ್ದು ಮತ್ತೆ ಬರುವ ಜ್ವರ. ಹೊಳೆಯ ಕೆಟ್ಟ ಗಾಳಿಯಿಂದ, ಕಂದಕದ ಹಬೆಯಿಂದ ಬರುತ್ತದೆಂದು ಆಗಿನ ವೈದ್ಯರು ನಂಬಿದ್ದರು. 'ಮಲೇರಿಯಾ' ಎಂಬ ಇಟಾಲಿಯನ್ ಮಾತಿನ ಅರ್ಥವೇ ಕೆಟ್ಟ ಗಾಳಿ. ಗಾಳಿಯೇ ಕೆಟ್ಟದ್ದಾದರೆ ಊರು ಬಿಡುವುದೊಂದೇ ದಾರಿ. ಬಿಟ್ಟರು. 1809ರಲ್ಲಿ ಬೆಂಗಳೂರಿನಲ್ಲಿ ಹೊಸ ದಂಡಿನ ಪ್ರದೇಶ ಸಿದ್ಧವಾಯಿತು. 1811ರಲ್ಲಿ ಶ್ರೀರಂಗಪಟ್ಟಣದ ಸೇನೆಯ ಮುಖ್ಯ ಠಾಣೆ ಅಲ್ಲಿಗೆ ಹೋಯಿತು. ಎತ್ತರದ ಒಣ ಬೆಂಗಳೂರು ಅವರಿಗೆ ಒಗ್ಗಿತು. ಕಂಟೋನ್ಮೆಂಟ್ ಬೆಳೆಯಿತು, ಅದರ ಸುತ್ತ ಇಂದಿನ ಮಹಾನಗರದ ಅರ್ಧ ಬೆಳೆಯಿತು. ಬೆಂಗಳೂರಿನ ಇತಿಹಾಸದಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಗೆ ಒಂದು ಸಣ್ಣ ಸ್ಥಾನ ಕೊಡುವುದು ನ್ಯಾಯ.

ಏಕೆಂದರೆ ತಪ್ಪು ಗಾಳಿಯದ್ದಾಗಿರಲಿಲ್ಲ. ಇದು ತಿಳಿಯಲು ಇನ್ನೂ 86 ವರ್ಷ ಬೇಕಾಯಿತು. ಸೇನೆಯ ವೈದ್ಯ ರೊನಾಲ್ಡ್ ರಾಸ್ 1895ರಲ್ಲಿ ಕಾಲರಾ ಕೆಲಸಕ್ಕೆಂದು ಬೆಂಗಳೂರಿಗೂ ಬಂದವನು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತ ಹೀರಿದ್ದ ಸೊಳ್ಳೆಯನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಅದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡ. 1902ರಲ್ಲಿ ನೊಬೆಲ್ ಪಾರಿತೋಷಕ ಬಂತು. ಹೆಣ್ಣು ಅನಾಫಿಲಿಸ್ ಸೊಳ್ಳೆ ರೋಗಿಯಿಂದ ಹೀರಿದ ಪರಾವಲಂಬಿ ಅದರ ಒಡಲಲ್ಲಿ ಹತ್ತು ಹದಿನೈದು ದಿನ ಬೆಳೆದು ಇನ್ನೊಬ್ಬರ ರಕ್ತಕ್ಕೆ ಇಳಿಯುತ್ತದೆ. ಕಂದಕವನ್ನು ದೂರಿದವರು ಜಾಗವನ್ನು ಹೆಚ್ಚುಕಡಿಮೆ ಸರಿಯಾಗಿಯೇ ಗುರುತಿಸಿದ್ದರು, ಕಾರಣ ಮಾತ್ರ ತಪ್ಪಿತ್ತು. ವಿಜ್ಞಾನದ ಚರಿತ್ರೆಯಲ್ಲಿ ಇಂಥವು ಬಹಳ. ಬೇಸಿಗೆಯಲ್ಲಿ ಹೊಳೆಯ ಬಂಡೆಗಳ ನಡುವೆ ನಿಂತ ತಿಳಿನೀರಿನ ಗುಂಡಿಗಳನ್ನು ಬಗ್ಗಿ ನೋಡಿದರೆ ಮರಿಗಳು ಸಿಗಬಹುದು. ತಲೆ ಕೆಳಗಾಗಿ ನೇತಾಡುತ್ತಿದ್ದರೆ ಕ್ಯೂಲೆಕ್ಸ್‌ನ ಜಾತಿಯವು. ನೀರಿನ ಮೈಗೆ ಸಮಾನಾಂತರವಾಗಿ ಮಲಗಿದ್ದರೆ ಅನಾಫಿಲಿಸ್. ಇದನ್ನು ನೋಡಲು ಸೂಕ್ಷ್ಮದರ್ಶಕ ಬೇಡ, ಬಗ್ಗುವ ಸೊಂಟ ಸಾಕು.

ಇದು ಹಳೆಯ ಇಂಗ್ಲಿಷರ ಗೋಳು ಮಾತ್ರವಲ್ಲ. ಕೃಷ್ಣರಾಜಸಾಗರದಿಂದ ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಾಗ, 1930ರ ದಶಕದಲ್ಲಿ ಮಂಡ್ಯದ ಸುತ್ತ ಚಳಿಜ್ವರ ದೊಡ್ಡ ಪಿಡುಗಾಯಿತು. ಕಬ್ಬು, ಭತ್ತ ಬಂದ ನೀರಿನಲ್ಲೇ ಸೊಳ್ಳೆಯೂ ಬಂತು. ಕ್ವಿನೈನಿನ ಕಹಿಯ ಮಾತನ್ನು ಈ ಸೀಮೆಯ ಹಳೆಯ ಮನೆಗಳಲ್ಲಿ ಇನ್ನೂ ಕೇಳಬಹುದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಕಾಟ ಇಳಿಯಿತು. ಪೂರ್ತಿ ಹೋಯಿತೆಂದು ಯಾವ ಮನೆಯವರೂ ಹಿತ್ತಲಿನ ತೊಟ್ಟಿಯ ಮುಚ್ಚಳ ತೆಗೆದಿಡುವಂತಿಲ್ಲ. ಈಗ ಅಲ್ಲಿ ಹುಟ್ಟುವುದು ಡೆಂಗಿಯ ಸೊಳ್ಳೆ, ಅಷ್ಟೇ ವ್ಯತ್ಯಾಸ.

ಗಂಜಾಮಿನಲ್ಲಿ ಒಂದು ಪುಟ್ಟ ಹಳೆಯ ಚರ್ಚಿದೆ. ಬಹುತೇಕ ಪ್ರವಾಸಿಗರು ಅದನ್ನು ದಾಟಿ ಹೋಗುತ್ತಾರೆ. ಫ್ರೆಂಚ್ ಪಾದ್ರಿ ಅಬ್ಬೆ ದುಬೊವಾ ಇಲ್ಲಿದ್ದವರು. ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಪುಸ್ತಕ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆ ಪುಸ್ತಕದ ಎಷ್ಟೋ ಮಾತುಗಳನ್ನು ಒಪ್ಪಲಾಗದು. ಆದರೆ ಅವರ ಇನ್ನೊಂದು ಕೆಲಸಕ್ಕೆ ಈ ಸೀಮೆ ಋಣಿ. ಅದು ಸಿಡುಬಿನ ಚುಚ್ಚುಮದ್ದು. ಜೆನ್ನರ್ ಇಂಗ್ಲೆಂಡಿನಲ್ಲಿ ಮೊದಲ ಪ್ರಯೋಗ ಮಾಡಿದ್ದು 1796ರಲ್ಲಿ. 1802ರ ಜೂನಿನಲ್ಲಿ ಬೊಂಬಾಯಿಯ ಮೂರು ವರ್ಷದ ಮಗುವೊಂದಕ್ಕೆ ಭಾರತದ ಮೊದಲ ಲಸಿಕೆ ಬಿತ್ತು. 1803-04ರಲ್ಲಿ ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಮಿಕ್ಕಿ ಜನಕ್ಕೆ ಲಸಿಕೆ ಹಾಕಿಸುವುದರಲ್ಲಿ ದುಬೊವಾ ಅವರ ಪಾತ್ರ ದೊಡ್ಡದು.

ಆಗ ಮಂಜುಗಡ್ಡೆಯಿಲ್ಲ, ಥರ್ಮಾಸ್ ಇಲ್ಲ, ಬಿಸಿಲಿಗೆ ಲಸಿಕೆ ಕೆಟ್ಟುಹೋಗುತ್ತದೆ. ಹಾಗಾದರೆ ಊರಿಂದೂರಿಗೆ ಸಾಗಿಸಿದ್ದು ಹೇಗೆ? ಮನುಷ್ಯರ ತೋಳಿನಲ್ಲಿ! ಒಂದು ಮಗುವಿಗೆ ಗೋಸಿಡುಬಿನ ರಸ ಹಾಕಿದರೆ ಸುಮಾರು ಎಂಟನೆಯ ದಿನಕ್ಕೆ ಅಲ್ಲಿ ಗುಳ್ಳೆ ಏಳುತ್ತದೆ. ಅದರ ರಸ ತೆಗೆದು ಇನ್ನೊಂದು ಮಗುವಿಗೆ. ಮತ್ತೆ ಎಂಟು ದಿನ, ಮತ್ತೊಂದು ಮಗು. ಸರಪಳಿ ಒಂದು ಕಡೆ ಕಡಿದರೆ ಎಲ್ಲ ಮೊದಲಿಂದ. ಯಾರದೋ ಮಗುವಿನ ತೋಳಿನಿಂದ ಬಂದ ರಸವನ್ನು ತಮ್ಮ ಮಗುವಿನ ತೋಳಿಗೆ ಹಾಕಿಸಿಕೊಳ್ಳಲು ಆ ಕಾಲದ ತಾಯಂದಿರು ಒಪ್ಪಿದ್ದು ಸಣ್ಣ ಮಾತಲ್ಲ. ಜಾತಿ, ಮಡಿ, ಅಮ್ಮನ ಭಯ ಎಲ್ಲವೂ ಎದುರಿಗೆ ನಿಂತಿದ್ದವು. ಅವರನ್ನು ಒಪ್ಪಿಸಲು ಅರಮನೆಯೂ ನೆರವಾಯಿತು. 1805ರಲ್ಲಿ ಥಾಮಸ್ ಹಿಕ್ಕಿ ಬರೆದ ಮೂವರು ಮೈಸೂರು ರಾಣಿಯರ ಚಿತ್ರದಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಗುರುತಿಗಾಗಿಯೇ ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ಭಾರತದ ಕೊನೆಯ ಸಿಡುಬು ರೋಗಿ ಕಂಡದ್ದು 1975ರಲ್ಲಿ. 1980ರಲ್ಲಿ ಭೂಮಿಯಿಂದಲೇ ಆ ರೋಗ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಐವತ್ತು ದಾಟಿದ ತಂದೆ ತಾಯಂದಿರ ಎಡದೋಳಿನ ದುಂಡು ಕಲೆಯ ವಂಶಾವಳಿ ಗಂಜಾಮಿನ ಆ ಸರಪಳಿಯವರೆಗೂ ಹೋಗುತ್ತದೆ.

ಗುಂಬಜ್‌ನ ಕರಿಗಲ್ಲಿನ ಕಂಬಗಳನ್ನು ಕೈಯಿಂದ ಮುಟ್ಟಿ ನೋಡಿ ಮುಂದೆ ನಡೆದರೆ ಸಂಗಮ. ಕಾವೇರಿ, ಕಬಿನಿ, ಹೇಮಾವತಿ ಮೂರೂ ಇಲ್ಲಿ ಕೂಡುತ್ತವೆಂದು ಹೇಳುವವರು ಈಗಲೂ ಇದ್ದಾರೆ. ಭೂಪಟ ಹಾಗೆ ಹೇಳುವುದಿಲ್ಲ. ಹೇಮಾವತಿ ಮೇಲೆಯೇ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಸೇರಿಬಿಡುತ್ತದೆ. ಕಬಿನಿ ಕೂಡುವುದು ಕೆಳಗೆ, ತಿರುಮಕೂಡಲು ನರಸೀಪುರದಲ್ಲಿ. ಇಲ್ಲಿ ಕೂಡುವುದು ಕಾವೇರಿಯದೇ ಎರಡು ಕವಲುಗಳು. ನೀರಿಗೆ ಇಳಿಯುವ ಮುನ್ನ ಮತ್ತೊಂದು ಮಾತು: ಮೇಲೆ ಅಣೆಕಟ್ಟಿದೆ. ಇಲ್ಲಿ ಮೋಡವಿಲ್ಲದಿದ್ದರೂ ಅಲ್ಲಿ ಬಾಗಿಲು ತೆರೆದರೆ ಹೊಳೆ ಏರುತ್ತದೆ. ಪಾಚಿ ಹತ್ತಿದ ಬಂಡೆಗೆ ಈಜು ಬರುವವರು, ಬಾರದವರು ಎಂಬ ಭೇದವಿಲ್ಲ.

ಸಂಜೆಯ ತಂಪಿಗೆ ಉಳಿಸಿಕೊಳ್ಳಬೇಕಾದದ್ದು ಉತ್ತರ ಕವಲಿನ ವೆಲ್ಲೆಸ್ಲಿ ಸೇತುವೆ. ಪೂರ್ಣಯ್ಯನವರು 1804ರಲ್ಲಿ ಕಟ್ಟಿ ಮುಗಿಸಿ ಗವರ್ನರ್ ಜನರಲ್ಲನ ಹೆಸರಿಟ್ಟರು. ಕಮಾನಿಲ್ಲ. ಹೊಳೆಯ ಬಂಡೆಯಲ್ಲಿ ಸಾಲು ಸಾಲಾಗಿ ನೆಟ್ಟ ಕಲ್ಲುಕಂಬ, ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ. ಗುಡಿ ಕಟ್ಟುವ ಕೈಗಳೇ ಹೊಳೆಗೆ ಇಳಿದಂತಿದೆ. ಕಂಬಗಳು ಅಷ್ಟು ಒತ್ತೊತ್ತಾಗಿ ಏಕೆ? ಒಂದು ರಬ್ಬರಿನ ಪಕ್ಕಕ್ಕೆ ಪೆನ್ಸಿಲಿನಿಂದ ಅಡ್ಡಗೆರೆಗಳನ್ನು ಎಳೆದು, ಎರಡು ತುದಿಗೆ ಆಸರೆ ಕೊಟ್ಟು ನಡುವೆ ಒತ್ತಿ ನೋಡಿ. ಮೇಲಿನ ಗೆರೆಗಳು ಹತ್ತಿರ ಬರುತ್ತವೆ, ಕೆಳಗಿನವು ದೂರವಾಗುತ್ತವೆ. ತೊಲೆಯ ಮೇಲ್ಭಾಗ ಒತ್ತಡದಲ್ಲಿ, ಕೆಳಭಾಗ ಸೆಳೆತದಲ್ಲಿ. ಕಲ್ಲು ಒತ್ತಡಕ್ಕೆ ಗಟ್ಟಿ, ಸೆಳೆತಕ್ಕೆ ಬಡವ. ಆದ್ದರಿಂದ ಕಲ್ಲಿನ ತೊಲೆ ಗಿಡ್ಡವಿರಬೇಕು, ಕಂಬಗಳು ಹತ್ತಿರವಿರಬೇಕು.

ಡಿ ಹ್ಯಾವಿಲೆಂಡ್ ಎಂಬ ಸೇನಾ ಇಂಜಿನಿಯರನಿಗೆ ಇಟ್ಟಿಗೆಯಲ್ಲೇ ಅಗಲವಾದ ಕಮಾನು ಕಟ್ಟಿ ಕಾವೇರಿ ದಾಟಬಹುದೆಂಬ ನಂಬಿಕೆಯಿತ್ತು. ಕಮಾನಿನಲ್ಲಿ ಸೆಳೆತವೇ ಇಲ್ಲ. ಭಾರವೆಲ್ಲ ಒತ್ತಡವಾಗಿ ಇಟ್ಟಿಗೆಯಿಂದ ಇಟ್ಟಿಗೆಗೆ ದಾಟಿ ಎರಡೂ ಬದಿಯ ನೆಲಕ್ಕೆ ಇಳಿಯುತ್ತದೆ. ಮೇಲಿನವರು ನಂಬಲಿಲ್ಲ. ಆತ ವಾದಕ್ಕೆ ಕೂರಲಿಲ್ಲ. 1808ರಲ್ಲಿ ತನ್ನ ಮನೆಯ ತೋಟದಲ್ಲೇ ಸುಮಾರು ನೂರಡಿ ಹರವಿನ ಇಟ್ಟಿಗೆ ಕಮಾನೊಂದನ್ನು ಕಟ್ಟಿ ನಿಲ್ಲಿಸಿದ. ಅದರ ಕೆಳಗೆ ಹೊಳೆಯಿರಲಿಲ್ಲ, ಮೇಲೆ ರಸ್ತೆಯಿರಲಿಲ್ಲ. ಸುಮ್ಮನೆ ಒಂದು ಉತ್ತರ. ಅದು 1937ರವರೆಗೂ ನಿಂತಿತ್ತು. ಮುಂದೆ ಅದೇ ಮನುಷ್ಯ ಮದರಾಸಿನ ಸೇಂಟ್ ಆಂಡ್ರೂಸ್ ಚರ್ಚಿನ ಗುಮ್ಮಟ ಕಟ್ಟಿದ.

ಸೇತುವೆ, ದ್ವೀಪ, ಒಂಟಿ ನಡಿಗೆ ಎಂದಾಗ ಯುರೋಪಿನ ಒಂದು ಪಟ್ಟಣದ ಹೆಸರು ಹೇಳಲೇಬೇಕು. ಬಾಲ್ಟಿಕ್ ಸಮುದ್ರದ ಹತ್ತಿರದ ಕೋನಿಗ್ಸ್‌ಬರ್ಗ್, ಈಗ ರಷ್ಯಾದ ಕಲಿನಿನ್‌ಗ್ರಾಡ್. ತತ್ತ್ವಜ್ಞಾನಿ ಕಾಂಟ್ ದಿನವೂ ಒಬ್ಬನೇ ನಡೆಯುತ್ತಿದ್ದ ಊರು. ಆತನನ್ನು ನೋಡಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರೆಂಬ ಮಾತಿದೆ. ಪ್ರೆಗೆಲ್ ನದಿ ಆ ಊರನ್ನು ನಾಲ್ಕು ಭಾಗ ಮಾಡಿತ್ತು; ಜೋಡಿಸಲು ಏಳು ಸೇತುವೆ. ಯಾವ ಸೇತುವೆಯನ್ನೂ ಎರಡನೆಯ ಸಲ ತುಳಿಯದೆ ಏಳನ್ನೂ ದಾಟಬಹುದೇ ಎಂಬುದು ಊರವರ ಒಗಟು. 1736ರ ಹೊತ್ತಿಗೆ ಗಣಿತಜ್ಞ ಆಯ್ಲರ್ ನಡೆಯದೆ, ಕೂತಲ್ಲೇ ಉತ್ತರ ಹೇಳಿದ: ಸಾಧ್ಯವಿಲ್ಲ. ನಡುವೆ ಬರುವ ಪ್ರತಿ ನೆಲಕ್ಕೂ ಒಂದು ಸೇತುವೆಯಿಂದ ಬಂದು ಇನ್ನೊಂದರಿಂದ ಹೋಗಬೇಕು, ಅಂದರೆ ಸೇತುವೆಗಳು ಜೋಡಿ ಜೋಡಿಯಾಗಿ ಖರ್ಚಾಗುತ್ತವೆ. ಬೆಸಸಂಖ್ಯೆಯ ಸೇತುವೆಯಿರುವ ನೆಲದಲ್ಲಿ ನಡಿಗೆ ಶುರುವಾಗಬೇಕು ಇಲ್ಲವೇ ಮುಗಿಯಬೇಕು. ಅಂಥ ನೆಲ ಎರಡಕ್ಕಿಂತ ಹೆಚ್ಚಿದ್ದರೆ ಆಗದು. ಕೋನಿಗ್ಸ್‌ಬರ್ಗಿನಲ್ಲಿ ನಾಲ್ಕಕ್ಕೆ ನಾಲ್ಕೂ ಬೆಸ: 5, 3, 3, 3.

ಶ್ರೀರಂಗಪಟ್ಟಣದಲ್ಲಿ ಸಣ್ಣಪುಟ್ಟ ನಡುಗಡ್ಡೆಗಳನ್ನು ಬಿಟ್ಟರೆ ನೆಲ ಮೂರೇ: ಉತ್ತರದ ದಡ, ದಕ್ಷಿಣದ ದಡ, ನಡುವಿನ ದ್ವೀಪ. ಸೇತುವೆಗಳೆಲ್ಲ ದ್ವೀಪಕ್ಕೇ ಬರುತ್ತವೆ. ಉತ್ತರಕ್ಕೆ ಮೂರು, ದಕ್ಷಿಣಕ್ಕೆ ಎರಡು ಎಂದುಕೊಂಡರೆ ದ್ವೀಪಕ್ಕೆ ಐದು. ಬೆಸವಾದವು ಎರಡೇ, ನಡಿಗೆ ಸಾಧ್ಯ. ಎರಡೂ ಕಡೆ ಮೂರು ಮೂರು ಇದ್ದರೆ ದ್ವೀಪಕ್ಕೆ ಆರು. ಆಗಲೂ ಬೆಸವಾದವು ಎರಡೇ. ಎಷ್ಟು ಸೇತುವೆ ಹಾಕಿ ನೋಡಿದರೂ ಮೂರೂ ಒಟ್ಟಿಗೆ ಬೆಸವಾಗಲು ಬಾರದು, ಏಕೆಂದರೆ ಎರಡು ಬೆಸ ಸೇರಿದರೆ ಸಮ. ಕೋನಿಗ್ಸ್‌ಬರ್ಗಿನವನಿಗೆ ಆಗದ ನಡಿಗೆ ಇಲ್ಲಿನವನಿಗೆ ಎಂದೆಂದಿಗೂ ಸಾಧ್ಯ. ಯಾವ ದಡದಿಂದ ಹೊರಡಬೇಕು ಎಂಬುದಕ್ಕೆ ಮಾತ್ರ ಹಳೆಯವು, ಹೊಸವು, ಹೆದ್ದಾರಿಯವು ಎಂದು ಎಲ್ಲ ಸೇತುವೆಗಳನ್ನೂ ಸ್ಥಳದಲ್ಲೇ ಎಣಿಸಬೇಕು. ರೈಲಿನ ಸೇತುವೆಗಳನ್ನು ದಂಡೆಯಿಂದ ಎಣಿಸಿದರೆ ಸಾಕು, ಅವುಗಳ ಮೇಲೆ ನಡೆಯುವಂತಿಲ್ಲ.